ಮೈಯೊಳಗಿನ ಮಡಿಸವ್ವ

ಸೂರ್ಯ ಆಗಷ್ಟೇ ಉರಿಯಲು ಕಲಿತಿದ್ದ ಕಾಲವದು. ಎಷ್ಟು ಉರಿದರೆ ಸಾಕು ಎಂಬುದು ಅವನಿಗಿನ್ನೂ ತಿಳಿದಿರಲಿಲ್ಲ, ಪಾಪ.

ಇರು ಕಸ್ತೂರಿ, ಈ ಒಗೆದ ಸೀರೆ ಆಮೇಲೆ ಮಡಿಸೋಣ. ಅಜ್ಜನ ಕೈ ಯಾಕೆ ನಡುಗುತ್ತದೆ ಅಂತ ಕೇಳಿದೆಯಲ್ಲ, ಅದನ್ನೇ ನಿನ್ನಜ್ಜಿ ಕಥೆ ಮಾಡಿ ಹೇಳುತ್ತಿದ್ದಾಳೆ.

ಆಗ ಒಂದು ತಾಯಿ ಜಿಂಕೆ ಇತ್ತು. ಅದರ ಮೈಯೊಳಗೆ, ನಮ್ಮೆಲ್ಲರ ಮೈಯೊಳಗೆ ಇರುವಂತೆಯೇ, ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಮನೆಗಳು. ಮನೆಮನೆಯಲ್ಲೂ ನೇಕಾರರು. ಅವರು ನೇಯ್ದದ್ದನ್ನು ಸರಿಯಾಗಿ ಮಡಿಸಿದರೆ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಒಂದು ಬಟ್ಟೆ ನೆನಪನ್ನು ಹಿಡಿದಿಡುತ್ತಿತ್ತು, ಇನ್ನೊಂದು ತಿಂದ ಹುಲ್ಲಿನ ಸಿಹಿಯನ್ನು ಶಕ್ತಿ ಮಾಡುತ್ತಿತ್ತು.

ಮಡಿಸುವ ಕೆಲಸ ಮಡಿಸವ್ವನದು. ಅಂಚಿಗೆ ಅಂಚು, ಮಡಿಕೆಗೆ ಮಡಿಕೆ. ನೇಕಾರರಿಗೋ ಜಂಬ. “ಒಂದು ಎಳಿ ನೇಯಾಕ ಬರೂದಿಲ್ಲ, ಬರೇ ಮಡಸ್ತಾಳ! ಹೋಗಿ ಮಲಕೋ ಯವ್ವಾ” ಎಂದರು. ಅವಳು ಹೋಗಿ ಮೂಲೆಯಲ್ಲಿ ಮಲಗಿದಳು.

ಅದೇ ದಿನ ಸೂರ್ಯ ಹುರುಪಿನಲ್ಲಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಉರಿದ. ಆ ಬಿಸಿಗೆ ಜಿಂಕೆಯ ಮೈಯೊಳಗೆ ನೇಯ್ದದ್ದೆಲ್ಲ ಮುದುಡಿ, ಒಂದಕ್ಕೊಂದು ಅಂಟಿ ಗಂಟಾಯಿತು. ತಿಂದ ಸಿಹಿ ರಕ್ತದಲ್ಲೇ ನಿಂತಿತು. ಜಿಂಕೆಯ ಕಾಲು ಗಡಗಡ ನಡುಗಿತು. ಮರಿ ಹಸಿದು ಓಡಿ ಬಂದರೆ, “ಯಾರು ನೀನು?” ಎಂದು ಕೇಳಿತು ತಾಯಿ. ಹೆತ್ತ ಮರಿಯನ್ನು!

ಮರಿಯ ಅಳು ಗಾಳಿಗೆ ಕೇಳಿತು. ಗಾಳಿ ತಾಯಿಯ ಉಸಿರಿನ ಜೊತೆ ಒಳಗೆ ನುಗ್ಗಿ, “ಏಳಬೇ ಮಡಿಸವ್ವ! ಹಡದ ಮರೀನ ಮರತಾಳ ತಾಯಿ!” ಎಂದು ಕೂಗಿತು.

ಮಡಿಸವ್ವ ಸಿಟ್ಟು ಮಾಡಲಿಲ್ಲ. ಎದ್ದು ಗಂಟು ಬಿಡಿಸಿದಳು, ಕೊಡವಿದಳು. ಆದರೆ ಈ ತುದಿ ಹಿಡಿದರೆ ಆ ತುದಿ ಮತ್ತೆ ಮುದುಡುತ್ತಿತ್ತು. “ಒಬ್ಬಾಕಿ ಕೈಲೆ ಆಗೂದಿಲ್ಲ. ಆ ತುದಿ ಹಿಡೀರೋ ಯಪ್ಪಾ” ಎಂದಳು. ನೇಕಾರರು ತಲೆ ತಗ್ಗಿಸಿ ಬಂದು ಹಿಡಿದರು. ಅಂಚಿಗೆ ಅಂಚು, ಮಡಿಕೆಗೆ ಮಡಿಕೆ. ನಡುಕ ನಿಂತಿತು. ಜಿಂಕೆ ಮರಿಯ ಹಣೆ ನೆಕ್ಕಿತು.

ಗಾಳಿ ಹೋಗಿ ಇದನ್ನೆಲ್ಲ ಹೇಳಿದಾಗ ಸೂರ್ಯನಿಗೆ ಅಳುವೇ ಬಂತು. “ಇನ್ನ ಮ್ಯಾಲೆ ನನ್ನ ಬಿಸಿ ತಾಗಿದ ಕೂಡ್ಲೇ ನಿನಗ ಎಚ್ಚರಾಗಲಿ, ಅವ್ವಾ” ಎಂದ.

ಇವತ್ತಿಗೂ ಮೈಗೆ ಬಿಸಿ ಹತ್ತಿದರೆ ಅವಳು ದಡಬಡಿಸಿ ಏಳುತ್ತಾಳೆ. ಆದರೆ ಮೈಗೆ ವಯಸ್ಸಾದಂತೆ ಅವಳಿಗೂ ವಯಸ್ಸಾಗುತ್ತದೆ. ಏಳುವುದು ತಡವಾಗುತ್ತದೆ, ಗಂಟುಗಳು ಉಳಿದುಬಿಡುತ್ತವೆ.

ಅದಕ್ಕೇ, ಕಸ್ತೂರಿ, ನಿನ್ನಜ್ಜನ ಕೈ ನಡುಗುತ್ತದೆ, ಒಮ್ಮೊಮ್ಮೆ ನಿನ್ನ ಹೆಸರೂ ಮರೆತುಹೋಗುತ್ತದೆ. ನಾನು ಸೀರೆ ಮಡಿಸುವಾಗ ಆ ತುದಿಯನ್ನು ಇಷ್ಟು ವರ್ಷ ಹಿಡಿದವರು ಅವರೇ. ಕರೆದುಕೊಂಡು ಬಾ ಅವರನ್ನು. ಅವರೇ ಹಿಡಿಯಲಿ, ಅವರ ಕೈಯ ಮೇಲೆ ನಿನ್ನ ಕೈ ಇರಲಿ.