ಐದು ಗುಳಿಯ ರಾಕೆಟ್ಟು

ಮತ್ತೆ ನಡುವೆ ಬಾಯಿ ಹಾಕಿದೆಯಾ ಸಿಂಚನಾ? ಡಂಗುರದವನು ಈಗಷ್ಟೇ ಕೋಲು ಎತ್ತಿದ್ದಾನೆ, ಅಷ್ಟರಲ್ಲಿ “ಅರಸರ ಕಾಲದಲ್ಲಿ ಸ್ಪ್ರೇ ಡಬ್ಬಿ ಎಲ್ಲಿತ್ತಮ್ಮ?” ಅಂತ. ನನ್ನ ಕತೆಯ ಅರಮನೆಯಲ್ಲಿತ್ತು, ರಾಕೆಟ್ಟಿಗೆ ಬಣ್ಣ ಊದುವುದೇ ಅದರಿಂದ. ತುತ್ತು ನುಂಗು, ಕೇಳು.

“ಕೇಳಿರಪ್ಪೋ ಕೇಳಿರಿ! ತೀರಿಹೋದ ಯುವರಾಜರು ತಮ್ಮ ಕೈಯಾರೆ ಮಾಡಿಟ್ಟ ಮೂರು ಪುಟ್ಟ ರಾಕೆಟ್ಟುಗಳಿಗೆ ಬಣ್ಣ ಕೂರುತ್ತಿಲ್ಲ. ವರ್ಷದ ತಿಥಿಗೆ ಅವು ಮಿರಮಿರ ಹೊಳೆಯುತ್ತ ಹಾರಬೇಕು. ಬಣ್ಣ ಕೆಟ್ಟದ್ದೇಕೆಂದು ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಐದು ಊರು. ತಪ್ಪಿದವನ ತಲೆ ನೆಲಕ್ಕೆ!”

ಮಗ ಸತ್ತ ಮೇಲೆ ಅರಸ ನಕ್ಕಿರಲಿಲ್ಲ. ಬೆಳಿಗ್ಗೆ ತಲೆಗೆ ಹರಳೆಣ್ಣೆ ಒತ್ತಿಕೊಂಡು ನೇರ ಮಗನ ಕೋಣೆಗೆ ಹೋಗಿ, ಅವನು ಕೊನೆಗೆ ಮಾಡಿದ ರಾಕೆಟ್ಟನ್ನು ಹಿಡಿದು ಕೂತುಬಿಡುತ್ತಿದ್ದ. ರಾಜ್ಯ ಅವನಿಗೆ ಬೇಡವಾಗಿತ್ತು. ತಲೆ ತೆಗೆಸುವುದು ಮಾತ್ರ ಬೇಕಿತ್ತು.

ಮೊದಲು ಬಂದವನು ಆಸ್ಥಾನದ ಬಣ್ಣಗಾರ. ಬೆಳ್ಳಗಾದ ಮೊದಲ ರಾಕೆಟ್ಟಿನ ಮುಂದೆಯೇ ಎಡವಿ ತಲೆ ಕಳೆದುಕೊಂಡ. ಎರಡನೆಯವನು ಪರದೇಶದ ಪಂಡಿತ. ಸುಕ್ಕುಗಟ್ಟಿದ ಎರಡನೆಯ ರಾಕೆಟ್ಟು ನೋಡಿ “ಬಿಸಿಲು ಹೆಚ್ಚಾಯಿತು ಪ್ರಭು” ಎಂದ. ಅವನ ಪಂಡಿತಗಿರಿ ಅಲ್ಲಿಗೆ ಮುಗಿಯಿತು. ಮೂರನೆಯವನು ಸುಣ್ಣ ಬಳಿಯುವ ಬೀರ. ಎರಡು ಒಗಟು ಬಿಡಿಸಿ, ಕೊನೆಯದಕ್ಕೆ ತಡವರಿಸಿ, “ಧೂಳು” ಎಂದ. ಧೂಳು ಒರೆಸಿ ಊದಿದರೂ ಬಣ್ಣ ಕೂರಲಿಲ್ಲ, ಅವನ ತಲೆ ಹೋಯಿತು. ಕೊನೆಯದಕ್ಕೆ ತಡವರಿಸಿದನೆಂಬುದಷ್ಟೇ ಹೊರಗೆ ಬಂತು; ಒಗಟೇನು, ಉತ್ತರವೇನು ಎಂದು ಯಾರಿಗೂ ತಿಳಿಯದ ಹಾಗೆ ಅರಸ ಬಾಗಿಲು ಹಾಕಿಸಿದ್ದ.

ಒಂದು ವಾರ ಕಳೆದು ಬೀರನ ತಮ್ಮ ಮಾಳಿಂಗ ಬಂದ. ಬೆರಳ ಸಂದಿಯಲ್ಲಿ ಇನ್ನೂ ಸುಣ್ಣ.

“ನಿನಗೂ ತಲೆ ಭಾರವಾಯಿತೇನೋ?” ಎಂದ ಮಂತ್ರಿ.

“ಹೊಟ್ಟೆ ಹಗುರಾಗಿದೆ ಬುದ್ಧಿ. ಅಣ್ಣನ ಎರಡು ಮಕ್ಕಳಿವೆ.”

ಅರಸ ಮೊದಲ ರಾಕೆಟ್ಟು ತೋರಿಸಿದ. “ಇದರ ಮೇಲೆ ಒಂದು ಹನಿ ಬೀಳಲಿಲ್ಲ. ಆದರೂ ನೀರು ಕುಡಿದು, ಪೊರೆ ಬಂದ ಕಣ್ಣಿನ ಹಾಗೆ ಬಿಳಿಚಿಕೊಂಡಿದೆ. ಕುಡಿಸಿದವರು ಯಾರು?”

“ಗಾಳಿ, ಪ್ರಭು. ಶ್ರಾವಣದಲ್ಲಿ ಹಪ್ಪಳ ಮೆತ್ತಗಾಗುತ್ತದಲ್ಲ, ಅದಕ್ಕೆ ಯಾರು ನೀರು ಚಿಮುಕಿಸುತ್ತಾರೆ? ಜಡಿಮಳೆಯ ದಿನ ಬಣ್ಣದ ಮೇಲೆ ಹೊಳಪಿನ ಮೆರುಗು ಊದಿದ್ದಾರೆ. ಗಾಳಿಯ ತೇವ ಒಳಗೇ ಸಿಕ್ಕಿಕೊಂಡಿದೆ. ಒಣ ಹವೆ ನೋಡಿ ಊದಬೇಕಿತ್ತು.”

“ಎರಡನೆಯದು. ಹುಟ್ಟಿದ ದಿನವೇ ಇದಕ್ಕೆ ಮುದುಕಿಯ ಮುಖ ಬಂತು. ವಯಸ್ಸು ತಂದವರು ಯಾರು?”

“ಅವಸರ. ಕಾದ ಹಾಲಿನ ಮೇಲೆ ಕೆನೆ ಕಟ್ಟಿದಾಗ ಊದಿ ನೋಡಿ, ಸುಕ್ಕಾಗುತ್ತದೆ. ಕೆಂಪು ಬಣ್ಣ ಮೇಲೆ ಒಣಗಿತ್ತು, ಕೆಳಗೆ ಹಸಿ. ಅದು ಪೂರಾ ಒಣಗುವ ಮೊದಲೇ ಮೆರುಗು ಕೊಟ್ಟರು.”

ಬೀರನೂ ಇಲ್ಲಿವರೆಗೆ ಬಂದಿದ್ದ.

ಮಗ ಕೊನೆಗೆ ಮಾಡಿದ ಮೂರನೆಯದನ್ನು ಅರಸ ತಾನೇ ಎತ್ತಿಕೊಂಡ. “ಇದನ್ನು ಏಳು ಸಲ ಕೆರೆದು ಏಳು ಸಲ ಬಣ್ಣ ಊದಿದರು. ಪ್ರತಿ ಸಲವೂ ಇದೇ ಐದು ಜಾಗದಲ್ಲಿ ಬಣ್ಣ ಹಿಂದೆ ಸರಿದು ಗುಳಿ ಬೀಳುತ್ತದೆ. ಬಣ್ಣ ಯಾರಿಗೆ ಹೆದರುತ್ತದೆ?”

ಮಾಳಿಂಗ ಗುಳಿಗಳನ್ನು ನೋಡಿದ, ಆಮೇಲೆ ಅರಸನ ಕೈಯನ್ನು. ಒಂದೊಂದು ಗುಳಿಯ ಮೇಲೂ ಒಂದೊಂದು ಬೆರಳು ಸರಿಯಾಗಿ ಕೂತಿತ್ತು. ಅಣ್ಣ ತಡವರಿಸಿದ್ದು ಏಕೆಂದು ಅವನಿಗೆ ಆಗ ಗೊತ್ತಾಯಿತು.

“ಪ್ರಭು, ನಾವು ಸುಣ್ಣದವರು. ಜಗಲಿಯಲ್ಲಿ ಜನ ತಲೆ ಒರಗಿಸುವ ಕಡೆ ಎಷ್ಟು ಬಳಿದರೂ ಸುಣ್ಣ ಹಿಡಿಯುವುದಿಲ್ಲ. ಎಣ್ಣೆ. ಇದು ನನ್ನಣ್ಣನಿಗೂ ಗೊತ್ತಿತ್ತು. ಹೇಳಲು ಹೆದರಿದ. ಬಣ್ಣ ಹೆದರುವುದು... ತಮ್ಮ ಬೆರಳಿಗೆ.”

ಕತ್ತಿಯವನು ಒಂದು ಹೆಜ್ಜೆ ಮುಂದಿಟ್ಟ. ಅರಸ ಬೆರಳೆತ್ತಿ ನೋಡಿಕೊಂಡ, ಮೂಸಿದ. ಹರಳೆಣ್ಣೆ. “ಅದನ್ನು ಮುಟ್ಟದೆ ನಾನು ಹೇಗಿರಲಿ?” ಎಂದ. ಕತ್ತಿಯವನು ಹಿಂದೆ ಸರಿದ.

ಮಾಳಿಂಗ ಬಣ್ಣವನ್ನೆಲ್ಲ ಕೆರೆದು, ಮೂರು ರಾಕೆಟ್ಟುಗಳ ಕೊಳವೆಗಳನ್ನೂ ಸೀಗೆನೀರಿನ ಬಟ್ಟೆಯಲ್ಲಿ ಒರೆಸಿದ. ಒಣ ದಿನಕ್ಕೆ ಕಾದ, ಬಣ್ಣ ಊದಿದ, ಮತ್ತೆ ಕಾದ, ಮೆರುಗು ಕೊಟ್ಟ. ಅಷ್ಟು ದಿನವೂ ಅರಸ ಕೈಕಟ್ಟಿಕೊಂಡು ದೂರವೇ ನಿಂತಿದ್ದ. ತಿಥಿಯ ದಿನ ಮೂರೂ ಹೊಳೆಯುತ್ತ ಮೋಡಕ್ಕೆ ನುಗ್ಗಿದವು. ಒಂದೂ ಕೆಳಗೆ ಸಿಗಲಿಲ್ಲ. ಅರಸನ ಕೈ ಖಾಲಿಯಾಯಿತು.

ಮಾಳಿಂಗನಿಗೆ ಐದು ಊರು ಬಂದವು. ಬೇಡ ಎನ್ನಲಿಲ್ಲ, ಅಂಥ ದೊಡ್ಡತನ ಹೊಟ್ಟೆ ತುಂಬಿದವರಿಗೆ. ಅತ್ತಿಗೆಯನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ ಅಲ್ಲೇ ಇದ್ದ. ಕತೆ ಮುಗಿಯಿತು, ಕೈ ತೊಳಿ ಎಂದೆ.

ಸಿಂಚನಾ ಏಳಲಿಲ್ಲ. ಖಾಲಿ ತಟ್ಟೆ ನೋಡುತ್ತ ಕೇಳಿದಳು: “ತಪ್ಪು ಅರಸನದ್ದೇ ಅಲ್ವಾ ಅಮ್ಮ? ಮತ್ತೆ ಅವನ ತಲೆ ಯಾಕೆ ಉಳೀತು?”