ತುಳಿದ ಮಣ್ಣು, ಬಿದ್ದ ವಾಡೆ

ಸವಳಗಟ್ಟಿಯ ದೇಸಾಯಿ ರುದ್ರಸರ್ಜ ಮಾತು ಕೊಟ್ಟು ತಪ್ಪಿದ, ನಲವತ್ತು ಮನೆ ಕೆಡವಿದ. ಜನ್ಮದಲ್ಲಿ ಅವನು ಮಾಡಿದ್ದು ಅಷ್ಟೇ. ಊಟದ ಮನೆಯಿಂದ ಮಲಗುವ ಮನೆಗೆ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದ, ಒಂಟೆಗೆ ಬೆಳ್ಳಿ ಕಡಗ ತೊಡಿಸಿದ್ದ. ಅದಕ್ಕೆ ಅವನನ್ನು ರಸಿಕ ದೊರೆ ಎಂದು ಹೊಗಳುವವರು ಈಗಲೂ ಇದ್ದಾರೆ.

ಒಂದು ಬೇಸಿಗೆ ಅವನು ಡಂಗುರ ಸಾರಿಸಿದ: "ನಾವಿರುವ ಈ ದೊಡ್ಡಮನೆ, ಈ ವಾಡೆ ಕಟ್ಟಿಸಿದ ನಮ್ಮಜ್ಜ ಮೂರು ಒಗಟು ಬಿಟ್ಟುಹೋಗಿದ್ದಾರೆ. ಒಡೆದವರು ಕೇಳಿದ್ದು ಕೊಡಬೇಕು, ಇದು ಅಜ್ಜನ ಕಟ್ಟಳೆ. ತಪ್ಪಿದವರ ತಲೆ ತೆಗೆಯಬೇಕು, ಇದು ನಮ್ಮದು."

ಉತ್ತರಗಳಿದ್ದ ತಾಮ್ರದ ಕೊಳವೆ ಬಿಚ್ಚುವ ಅಧಿಕಾರ ಮಠದ ಅಯ್ಯನವರಿಗೆ ಮಾತ್ರ ಇತ್ತು, ಅದೂ ಯಾರಾದರೂ ಉತ್ತರ ಹೇಳಿದ ಮೇಲೆ. ಆ ಮನೆಯಲ್ಲೇ ಹುಟ್ಟಿ ಬೆಳೆದ ದೇಸಾಯಿಗೆ ಒಂದೂ ಉತ್ತರ ಗೊತ್ತಿರಲಿಲ್ಲ. ಆ ಉತ್ತರಗಳಲ್ಲಿ ನಿಧಿಯ ಗುಟ್ಟಿದೆ ಎಂದು ಅವನ ಆಸೆ.

ಅಯ್ಯ ಓದಿದರು: "ಈ ಮನೆಗೆ ವರ್ಷಕ್ಕೊಮ್ಮೆ ಬರುವ ಅತಿಥಿ ಬಾಗಿಲಿನಿಂದ ಬರುವುದಿಲ್ಲ, ಬಂದರೆ ಧಣಿಯೂ ಹಾಸಿಗೆ ಬಿಟ್ಟು ಏಳಬೇಕು, ಯಾರವನು? ಧಣಿಯ ಪೇಟಕ್ಕಿಂತ ಮೇಲಿದೆ, ಆದರೆ ಬಡವರು ತುಳಿದದ್ದು, ಏನದು? ಈ ಮನೆಯ ಆಯುಷ್ಯ ಎಷ್ಟು?"

ಪಕ್ಕದೂರಿನ ಇನಾಮದಾರನ ಮಗ ಅತಿಥಿಯೆಂದರೆ ಬಾದಶಹನ ಸುಬೇದಾರ ಎಂದ. ತಲೆ ಹೋಯಿತು. ಆಸ್ಥಾನದ ಕವಿ ಎರಡನೆಯದಕ್ಕೇ ಮೊದಲು ಬಾಯಿ ಹಾಕಿ, "ಧಣಿಯ ಪೇಟಕ್ಕಿಂತ ಮೇಲೆ ಏನೂ ಇಲ್ಲ" ಎಂದ. ಹೊಗಳಿಕೆ ದೇಸಾಯಿಗೆ ಹಿಡಿಸಿತು. ಆದರೂ ತಲೆ ಹೋಯಿತು. ಸಾವಿರ ವರ್ಷ ಎಂದ ಜೋಯಿಸ ತನ್ನ ಆಯುಷ್ಯದ ಲೆಕ್ಕವನ್ನೂ ತಪ್ಪಿದ್ದ.

ಆಗ ಬಂದವಳು ತಿಪ್ಪವ್ವ. ಮಣ್ಣು ತುಳಿಯುವವರ ಕೇರಿಯ ಹುಡುಗಿ. ಒಂಟೆಗೆ ತೋಟ ಮಾಡಲು ಆ ಕೇರಿಯನ್ನೇ ಕೆಡವಬೇಕೆಂದು ಅಪ್ಪಣೆಯಾಗಿತ್ತು.

"ಯಾಕವಾ, ತಲೆ ಭಾರ ಆಗೇದೇನು?" ದೇಸಾಯಿ ನಕ್ಕ.

"ಕೇರಿ ಹೋದ ಮ್ಯಾಲೆ ಈ ತಲೆ ಎಲ್ಲಿಡಲ್ರೀ ಧಣ್ಯಾರ? ಕೇಳ್ರಿ. ಅತಿಥಿ ಅಂದ್ರ ಮಳಿ. ತಲಿ ಮ್ಯಾಲಿನ ಮಣ್ಣಿನ ಮಾಳಗಿ ಸೋರಿದ್ರ ನೀವೂ ಹಾಸಿಗಿ ಸುತಗೊಂಡು ಮೂಲಿ ಹುಡುಕ್ತೀರಿ. ನಿಮ್ಮ ಪೇಟದ ಮ್ಯಾಲೆ ಇರೋದು ಮಾಳಗಿಯ ಸವಳು ಮಣ್ಣು, ನೀರು ಇಳಿಯಗೊಡದ ಮಣ್ಣು. ನಾವು ತುಳದು ಹದಾ ಮಾಡಿದ್ದು."

"ಮೂರನೇದು?"

"ಈ ಮನಿ ಆಯುಷ್ಯ ಒಂದು ವರ್ಷ. ಮಳಿಗಾಲಕ್ಕ ಮೊದಲ ನಾವು ಹೊಸಾ ಮಣ್ಣು ಹಾಕಿದ್ರ ಇನ್ನೊಂದು ವರ್ಷ."

ಅಯ್ಯ ಕೊಳವೆಯ ಓಲೆ ನೋಡಿ ತಲೆದೂಗಿದರು. ನಿಧಿ ಇಲ್ಲವೆಂದು ದೇಸಾಯಿಯ ಮುಖ ಹುಳ್ಳಗಾಯಿತು. ತಿಪ್ಪವ್ವ ಕೇಳಿದ್ದು ಕೇರಿಯನ್ನು. ಕೆಡವುವುದಿಲ್ಲ ಎಂದು ಅವನು ಸಭೆಯ ಮುಂದೆ ವಿಭೂತಿ ಮುಟ್ಟಿ ಮಾತು ಕೊಟ್ಟ.

ಎರಡನೆಯ ಬೇಸಿಗೆಗೆ ಒಂಟೆ ಮರಿ ಹಾಕಿತು. ತೋಟ ಬೇಕಾಯಿತು. ಕೇರಿ ಕೆಡವಿಸಿದ.

ನಲವತ್ತು ಮನೆಯವರು ಸಲಿಕೆ, ಬುಟ್ಟಿ ಹೊತ್ತು ಹೊಳೆ ದಾಟಿದರು. ಮಾಳಿಗೆಗೆ ಮಣ್ಣು ಹಾಕುವವರಿಲ್ಲ. ದೇಸಾಯಿಯ ಸಿಪಾಯಿಗಳಿಗೆ ಮಣ್ಣೆಂದರೆ ಎಲ್ಲವೂ ಒಂದೇ. ಹೊಲದ ಕಪ್ಪು ಎರೆಮಣ್ಣು ತಂದು ಸುರಿದರು. ಎರೆ ನೀರು ಕುಡಿದು ಭಾರವಾಯಿತು, ತೊಲೆ ಮುರಿದವು. ಮೂರು ಮಳೆಗಾಲದಲ್ಲಿ ವಾಡೆ ದಿಬ್ಬವಾಯಿತು. ರಸಿಕ ದೊರೆ ಒಂಟೆಯ ಕೊಟ್ಟಿಗೆಯಲ್ಲಿ ಸತ್ತ. ಹೊಳೆಯಾಚೆ ತಿಪ್ಪವ್ವನ ಮಾಳಿಗೆ ಸೋರಲಿಲ್ಲ.

ಈಗ ಅವನನ್ನು ಹೊಗಳುವವರು ಆ ದಿಬ್ಬದ ಮೇಲೆ ದೇಸಾಯಿಯ ಹೆಸರಿನಲ್ಲಿ ಕಮಾನು ಕಟ್ಟಲು ಹೊರಟಿದ್ದಾರೆ. ಸೋಮವಾರ ಊರ ಸಭೆ ಇದೆ. ಬನ್ನಿ, ಎದ್ದು ನಿಂತು ಬೇಡ ಅನ್ನಿ. ತಿಪ್ಪವ್ವನ ಹೆಸರು ಕಮಾನಿನ ಕಲ್ಲಿಗೆ ಬರುವವರೆಗೆ ಒಂದು ಬುಟ್ಟಿ ಮಣ್ಣನ್ನೂ ಹೊರಬೇಡಿ.