ಅವ್ವನ ತಿಥಿ

ಗೂಳಜ್ಜನ ಆಶ್ರಮ ಅಂದರೆ ದೊಡ್ಡದೇನೂ ಅಲ್ಲ. ಹೊಳೆಯ ದಂಡೆಯಲ್ಲಿ ಎರಡು ಗುಡಿಸಲು, ಒಂದು ಹುಣಸೆಮರ, ಅಷ್ಟೆ. ಆದರೂ ಬೆಳಗಾಯಿತೆಂದರೆ ಸುತ್ತಲ ಊರಿನವರು ಅಲ್ಲಿ ಸೇರುತ್ತಿದ್ದರು. ಅಜ್ಜನನ್ನು ನೋಡುವುದಕ್ಕಲ್ಲ, ಪಾಪ. ಶಿಷ್ಯ ಬೊಮ್ಮಯ್ಯನ ಮಾತು ಕೇಳುವುದಕ್ಕೆ.

ಬೊಮ್ಮಯ್ಯನ ತಲೆಯಲ್ಲಿ ವರ್ಷದ ಅಷ್ಟೂ ದಿನಗಳು ಕೂತಿದ್ದವು. ಹೊಳೆಯಲ್ಲಿ ಮುಳುಗೆದ್ದು ಬಂದು, ಒದ್ದೆ ಪಂಚೆಯಲ್ಲೇ ನಿಂತು, ಹಿಂದೆ ಆ ದಿನ ಏನೇನು ನಡೆದಿತ್ತೆಂದು ಹೇಳುತ್ತಿದ್ದ.

"ಇವತ್ತು ಆಶ್ವೀಜ ಬಹುಳ ಪಂಚಮಿ. ಇದೇ ದಿನ ಮುತ್ತಗೇರಿಯ ದೊರೆ ಪಟ್ಟಕ್ಕೆ ಕೂತ. ಇದೇ ದಿನ ಹಿರೇಕೆರೆ ಒಡೆದು ಹಳ್ಳಿಗೆ ಹಳ್ಳಿಯೇ ಕೊಚ್ಚಿಹೋಯಿತು. ಇದೇ ದಿನ ತೆಂಕಣ ದಂಡು ಹೊಳೆ ದಾಟಿತು."

ಜನ ಅಬ್ಬಬ್ಬಾ ಅನ್ನುತ್ತಿದ್ದರು. ತಮ್ಮ ಮನೆಯ ಹಿರಿಯರ ತಿಥಿ ಮರೆತವರೂ ಅವನ ಹತ್ತಿರವೇ ಬರುತ್ತಿದ್ದರು. "ನಮ್ಮಪ್ಪ ತೀರಿಕೊಂಡಾಗ ಹಿರೇಕೆರೆ ಒಡೆದಿತ್ತಪ್ಪ" ಅಂದರೆ ಸಾಕು, ಬೊಮ್ಮಯ್ಯ ಥಟ್ಟನೆ ದಿನ ಹೇಳಿಬಿಡುತ್ತಿದ್ದ.

ಅವನಿಗೆ ಗೊತ್ತಿಲ್ಲದ ದಿನ ಒಂದೇ. ಅವನ ಅವ್ವ ಸತ್ತ ದಿನ.

ಬಿಳಿಗಲ್ಲು ಕೋಟೆ ಬಿದ್ದ ದಿನವೇ ಅವಳು ಹೋದಳು, ಅಷ್ಟು ಗೊತ್ತು. ಆಗ ಬೊಮ್ಮಯ್ಯ ತೀರ ಎಳೆಯವನು. ಆದರೆ ಕೋಟೆ ಬಿದ್ದದ್ದು ಯಾವತ್ತು? ಗೆದ್ದವರು ಹೇಳಲಿಲ್ಲ. ಸೋತವರು ದಿಕ್ಕಾಪಾಲಾಗಿದ್ದರು. ಆ ಒಂದು ದಿನ ಹುಡುಕಿಕೊಂಡು ಊರೂರು ಅಲೆದದ್ದಕ್ಕೇ ಉಳಿದ ದಿನಗಳೆಲ್ಲ ಅವನ ತಲೆಗೆ ಬಂದು ಸೇರಿದ್ದವು. ಬೇಕಾದ್ದು ಮಾತ್ರ ಬರಲಿಲ್ಲ.

"ತಿಥಿ ಗೊತ್ತಿಲ್ಲದವರಿಗೆ ಅಂತಲೇ ಮಹಾಲಯ ಅಮಾವಾಸ್ಯೆ ಇದೆಯಲ್ಲೋ" ಎಂದು ಗೂಳಜ್ಜ ಒಮ್ಮೆ ಹೇಳಿದ್ದ. "ಅವತ್ತು ಎಡೆ ಇಡು."

"ಅದು ಎಲ್ಲರ ದಿನ ಅಜ್ಜಾ. ಅಷ್ಟು ದೊಡ್ಡ ಗುಂಪಿನಲ್ಲಿ ನನ್ನ ಅವ್ವನನ್ನ ಎಲ್ಲಿ ಅಂತ ಹುಡುಕಲಿ? ಅವಳಿಗೆ ಅಂತಲೇ ಒಂದು ದಿನ ಬೇಕು."

"ಬೇಕೇ ಬೇಕಾ?"

"ಬೇಕೇ ಬೇಕು. ಅವಳ ನೆನಪಾದರೆ ರಾತ್ರಿ ಎದ್ದು ಹೊಳೆಯ ದಂಡೆಗೆ ಬಂದು ಕೂರ್ತೀನಿ. ಈ ವಯಸ್ಸಿನಲ್ಲೂ."

ಅಜ್ಜ ತಲೆ ಕೆರೆದುಕೊಂಡು ಎದ್ದುಹೋದ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆಸಾಮಿ ಅವನಲ್ಲ.

ಕಾರ್ತಿಕದಲ್ಲಿ ಒಬ್ಬ ಹೆಳವ ಬಂದ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆತನಗಳ ವಂಶಾವಳಿ ಹೇಳಿ ಹೊಟ್ಟೆ ಹೊರೆಯುವವನು.

"ಬಿಳಿಗಲ್ಲು ಕೋಟೆಯಾ? ಅದು ಬಿದ್ದದ್ದು ಕಾರ್ತಿಕ ಬಹುಳ ತದಿಗೆ. ನಮ್ಮಪ್ಪ ಹೇಳುತ್ತಿದ್ದ."

ಬೊಮ್ಮಯ್ಯ ಆ ಎತ್ತಿನ ಕೊರಳು ತಬ್ಬಿಕೊಂಡು ಗೊಳೋ ಅಂತ ಅತ್ತ. ಎತ್ತು ಪಾಪ ಸುಮ್ಮನೆ ನಿಂತಿತ್ತು.

ತದಿಗೆ ಬಂತು. ಬೊಮ್ಮಯ್ಯ ತಾನೇ ಅಡಿಗೆ ಮಾಡಿದ. ಅನ್ನ, ಹುಳಿ, ಕುಂಬಳಕಾಯಿ ಪಲ್ಯ, ಗಟ್ಟಿ ಮೊಸರು. ಮುತ್ತುಗದೆಲೆಯಲ್ಲಿ ಬಡಿಸಿ, ಹೊಳೆಯ ಬಂಡೆಯ ಮೇಲಿಟ್ಟು ದೂರ ಸರಿದು ನಿಂತ.

ಕಾಗೆಗಳೇನೋ ಬಂದವು. ಹುಣಸೆಮರದಲ್ಲಿ ಕೂತು ಕಾ ಕಾ ಅಂದವು. ಎಡೆ ಮಾತ್ರ ಮುಟ್ಟಲಿಲ್ಲ.

"ಸತ್ತವಳಿಗೆ ಏನೋ ಆಸೆ ಉಳಿದಿದೆ" ಅಂದರು ನೋಡಲು ಬಂದವರು. ಕಾಗೆ ಮುಟ್ಟದಿದ್ದರೆ ಎಲ್ಲರೂ ಅನ್ನುವ ಮಾತೇ ಅದು.

ಬೊಮ್ಮಯ್ಯ ಒಪ್ಪಲಿಲ್ಲ. "ದಿನ ತಪ್ಪಾಗಿದೆ. ಅವಳ ದಿನ ಅಲ್ಲ ಇದು. ಅದಕ್ಕೇ ಬರಲಿಲ್ಲ."

ಎಡೆ ಇಟ್ಟ ಸುದ್ದಿ ಊರೂರಿಗೆ ಹಬ್ಬಿತು. ಅದನ್ನು ಕೇಳಿ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಬಿಳಿಗಲ್ಲು ಕೋಟೆಯಲ್ಲಿ ಪಹರೆ ಕಾದವನು.

"ಹೆಳವನಿಗೆ ಏನು ಮಣ್ಣು ಗೊತ್ತು?" ಎಂದು ಮುದುಕ ಸಿಡುಕಿದ. "ನಾನೇ ಬಾಗಿಲಲ್ಲಿದ್ದೆ. ಅವತ್ತು ಬಹುಳ ಷಷ್ಠಿ."

ಷಷ್ಠಿಯ ದಿನ ಬೊಮ್ಮಯ್ಯ ಮತ್ತೆ ಒಲೆ ಹೊತ್ತಿಸಿದ. ಮತ್ತೆ ಎಡೆ ಇಟ್ಟ. ಬೆಳಗಿನಿಂದ ಒಂದು ತೊಟ್ಟು ನೀರೂ ಮುಟ್ಟಿರಲಿಲ್ಲ. ಈ ಸಲ ಒಂದು ಕಾಗೆ ಬಂಡೆಯ ಮೇಲೇ ಇಳಿಯಿತು. ಕತ್ತು ಓರೆ ಮಾಡಿ ಎಲೆಯನ್ನು ನೋಡಿತು. ಕೊಕ್ಕನ್ನು ಕಲ್ಲಿಗೆ ಉಜ್ಜಿ ಹಾರಿಹೋಯಿತು.

ಹೊತ್ತು ವಾಲಿತು. ಬಂದವರು ಲೊಚಗುಟ್ಟಿ ಮನೆಗೆ ಹೋದರು.

"ಏನು ಬೇಕು ಅವ್ವಾ? ಬಾಯಿಬಿಟ್ಟು ಹೇಳಬಾರದಾ?" ಬೊಮ್ಮಯ್ಯ ಮರದ ಕಡೆ ಮುಖ ಮಾಡಿ ಕೂಗಿದ. "ಗುಡಿ ಕಟ್ಟಿಸಲಾ? ಕಾಶಿಗೆ ಹೋಗಲಾ? ಏನು ಬೇಕಾದರೂ ಮಾಡ್ತೀನಿ. ಬಾ."

ಅಜ್ಜ ಬಂದು ಬಂಡೆಯ ಮೇಲೆ ಕೂತ.

"ಬೊಮ್ಮಾ, ಆ ದಿನ ಏನು ನಡೀತು?"

ಇದು ಬೊಮ್ಮಯ್ಯನಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. "ಮೂಡಣ ಬಾಗಿಲು ಒಡೀತು. ದಳವಾಯಿ ಆನೆಯ ಮೇಲೇ ಸತ್ತ. ದೊರೆ ಕಳ್ಳದಾರಿಯಲ್ಲಿ ಓಡಿಹೋದ. ಪೇಟೆಗೆ ಬೆಂಕಿ ಬಿತ್ತು."

"ಅದು ದೊರೆಯ ಮನೆಯಲ್ಲಿ ನಡೆದದ್ದು. ನಿನ್ನ ಮನೆಯಲ್ಲಿ ಏನು ನಡೀತು?"

ಬೊಮ್ಮಯ್ಯ ಬಂಡೆಯ ಬುಡದಲ್ಲಿ ಕೂತ. ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ.

"ಅವ್ವ ಊಟ ಮಾಡಿಸ್ತಿದ್ದಳು" ಅಂದ ಕೊನೆಗೆ. "ನಾನು ಒಂದು ಕಡೆ ಕೂರ್ತಿರಲಿಲ್ಲ. ಹಿಂದೆ ಹಿಂದೆ ಓಡಿ ಬಂದು ತುತ್ತಿಡೋಳು. ಅಷ್ಟರಲ್ಲಿ ಕೋಟೆ ಮೇಲೆ ನಗಾರಿ ಬಡಿದರು. ನನ್ನ ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೊಳೆಗೆ ಓಡಿದಳು. ಹರಿಗೋಲು ತುಂಬಿ ಹೋಗಿತ್ತು. ಯಾರದೋ ತೊಡೆಯ ಮೇಲೆ ನನ್ನ ತುರುಕಿದಳು. ಅವಳಿಗೆ ಜಾಗ ಇರಲಿಲ್ಲ."

"ಹೂಂ."

"ನಾನು ಚೀರಿದೆ. ಅವ್ವ ಎದೆಮಟ್ಟ ನೀರಿಗೆ ಇಳಿದು ಬಂದಳು." ಬೊಮ್ಮಯ್ಯ ತನ್ನ ಬಲಗೈ ಮುಂದೆ ಚಾಚಿ ತೋರಿಸಿದ. "ಅವಳ ಬಲಗೈಯಲ್ಲಿ ತುತ್ತು ಇತ್ತು ಅಜ್ಜಾ. ಆ ಗಲಾಟೆಯಲ್ಲಿ ಅಷ್ಟು ದೂರ ಓಡಿ ಬಂದಿದ್ದಳು, ತುತ್ತು ಬಿಸಾಡಿರಲಿಲ್ಲ. ನನ್ನ ಬಾಯಿಗೆ ಇಡೋಕೆ ಅಂತ ಕೈ ಚಾಚಿದಳು. ಹರಿಗೋಲು ಗಿರ್ರನೆ ತಿರುಗಿ ದೂರ ಹೋಯಿತು. ಅವ್ವನ್ನ ಹೊಳೆ ಎಳೆದುಕೊಂಡು ಹೋಯಿತು. ತುತ್ತು ಅವಳ ಕೈಯಲ್ಲೇ ಉಳೀತು."

ಅವನು ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಅಜ್ಜ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಅಜ್ಜ ಹೊಳೆಯಲ್ಲಿ ಕೈ ತೊಳೆದು ಬಂದ. ಎಡೆಯ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಅನ್ನಕ್ಕೆ ಮೊಸರು ಸುರಿದು, ನುಣ್ಣಗೆ ಕಲಸಿ, ಒಂದು ತುತ್ತು ಮಾಡಿ ಬೊಮ್ಮಯ್ಯನ ಮುಖದ ಹತ್ತಿರ ಹಿಡಿದ.

ಬೊಮ್ಮಯ್ಯ ಗಾಬರಿಯಿಂದ ಹಿಂದೆ ಸರಿದ.

"ಬೇಡ ಅಜ್ಜಾ, ಬೇಡ. ಕಾಗೆ ಇನ್ನೂ ಮುಟ್ಟಿಲ್ಲ. ಅದಕ್ಕೆ ಮುಂಚೆ ನಾನು ತಿಂದರೆ ಅವಳು ಉಪವಾಸ ಉಳೀತಾಳೆ. ಮೊದಲು ದಿನ ಯಾವುದು ಅಂತ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ. ತದಿಗೆಯೋ? ಷಷ್ಠಿಯೋ?"

ಅಜ್ಜನ ಕೈ ಕೆಳಗೆ ಇಳಿಯಲಿಲ್ಲ.

"ಕಾಗೆ ಉಣ್ಣಲಿ ಅಂತ ಅವಳು ಕಾಯ್ತಾ ಇಲ್ಲ ಕಣೋ. ಬಾಯಿ ತೆಗಿ."